ಶೇಖರ ಮಾವನ ಮಸಿ ಎಂಜಿನ್ನು

ಹುಣಸೆಹುಳಿ ಹಚ್ಚಿ ಹಿತ್ತಾಳೆ ಉಜ್ಜುವಾಗ ಏಳುವ ವಾಸನೆ ನನಗೆ ಇವತ್ತಿಗೂ ಆಗಿಬರುವುದಿಲ್ಲ. ಹಬ್ಬದ ಮುನ್ನಾದಿನ ಪಕ್ಕದ ಮನೆಯ ಬಾವಿಕಟ್ಟೆಯಿಂದ ಆ ಹುಳಿಯ ವಾಸನೆ, ಒದ್ದೆ ಬೂದಿಯ ವಾಸನೆ, ಅದರ ಹಿಂದೆಯೇ ತೆಂಗಿನ ನಾರಿನ ಗರಗರ ಸದ್ದು ಬಂದಿತೆಂದರೆ ಎದ್ದು ಹೋಗಿ ಕಿಟಕಿ ಹಾಕಿ ಬರುತ್ತೇನೆ. ನನ್ನ ಮನೆಯ ದೀಪಗಳನ್ನು ತೊಳೆಯುವುದು ಸೋಪಿನ ಪುಡಿಯಲ್ಲಿ. ಕಾರ್ಕಳದ ನಮ್ಮ ಓಣಿಯ ಹೆಂಗಸರು ಇದನ್ನು ನನ್ನ ಸೋಮಾರಿತನ ಎಂದುಕೊಂಡಿದ್ದಾರೆ, ಅಂದುಕೊಳ್ಳಲಿ. ಕಿಟಕಿ ಹಾಕಿದ ಮೇಲೂ ಆ ವಾಸನೆ ಸಂದಿಯಲ್ಲಿ ಹೇಗೋ ನುಗ್ಗಿ ಬಂದು ನನ್ನನ್ನು ಕಾಪುವಿನ ಆ ಮನೆಯ ಹಿತ್ತಿಲಲ್ಲಿ ಕೂರಿಸಿಬಿಡುತ್ತದೆ. ಆಗ ನಾನು ಆರನೆಯ ಕ್ಲಾಸು.

ಮನೆ ಹೆದ್ದಾರಿಯ ಬದಿಯಲ್ಲೇ ಇತ್ತು. ಈಗ ಹುಡುಕಿದರೆ ಸಿಗುವುದಿಲ್ಲ, ರಸ್ತೆ ಅಗಲ ಮಾಡುವಾಗ ಜಗಲಿ, ಚಾವಡಿ, ಬಾವಿ ಎಲ್ಲ ಹೋಯಿತು. ಒಂದು ಬದಿಯಿಂದ ಬಸ್ಸುಗಳ ಹಾರ್ನು, ಇನ್ನೊಂದು ಬದಿಯಿಂದ ಕಡಲಿನ ಗಾಳಿ. ಆ ಉಪ್ಪುಗಾಳಿಗೆ ಕಿಟಕಿಯ ಸರಳುಗಳು ಪದರ ಪದರವಾಗಿ ಎದ್ದು, ಮುಟ್ಟಿದರೆ ಕೈಯೆಲ್ಲ ಕೆಂಪಾಗುತ್ತಿತ್ತು. ಒಳಗೆ ಒಣಮೀನಿನ ವಾಸನೆಯೂ ದಮ್ಮಾಮಿನಿಂದ ಬಂದ ಸಾಬೂನಿನ ವಾಸನೆಯೂ ಒಟ್ಟೊಟ್ಟಿಗೆ ಇರುತ್ತಿದ್ದವು. ಮನೆ ಗಿರಿಜ ದೊಡ್ಡಮ್ಮನದು, ನನ್ನ ಅಮ್ಮನ ಅಕ್ಕ. ಅವಳಿಗೆ ನನಗಿಂತ ದೊಡ್ಡವಳಾದ ಒಬ್ಬ ಮಗಳು. ದೊಡ್ಡಪ್ಪ ಅರಬ್ ದೇಶದಲ್ಲಿ, ದಮ್ಮಾಮಿನಲ್ಲಿ ಕೆಲಸಕ್ಕಿದ್ದರು, ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು. ನನ್ನ ಅಪ್ಪ ಅಮ್ಮ ಮುಂಬಯಿಯಲ್ಲಿ ಒಂದು ಕ್ಯಾಂಟೀನು ನಡೆಸುತ್ತಿದ್ದರು. ಒಂದೇ ಕೋಣೆಯ ಬಿಡಾರ, ಅಲ್ಲಿ ನನ್ನನ್ನು ಓದಿಸುವುದು ಆಗದೆಂದು ದೊಡ್ಡಮ್ಮನ ಬಳಿ ಬಿಟ್ಟಿದ್ದರು. ಇನ್ನೊಬ್ಬರಿದ್ದದ್ದು ಶೇಖರ ಮಾವ, ದೊಡ್ಡಮ್ಮನಿಗೂ ಅಮ್ಮನಿಗೂ ತಮ್ಮ. ಮದುವೆಯಿಲ್ಲ, ಕೆಲಸವಿಲ್ಲ, ಅಟ್ಟದ ಮೇಲೆ ಒಂದು ಚಾಪೆ, ಒಂದು ತಗಡಿನ ಟ್ರಂಕು. ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಇದ್ದಿರಬಹುದು. ಎಲ್ಲರ ಊಟವಾದ ಮೇಲೆ ತಟ್ಟೆ ಹಾಕಿಕೊಳ್ಳುವವರು, ಬಂದ ನೆಂಟರಿಗೆ ಯಾರೂ ಪರಿಚಯ ಮಾಡಿಕೊಡದವರು.

ಮಾವ ಹುಬ್ಬಳ್ಳಿಯಲ್ಲಿ ಉಗಿ ಎಂಜಿನ್ನಿನ ಫೈರ್‌ಮನ್ ಆಗಿದ್ದವರು. ಕ್ಯಾಸಲ್‌ರಾಕಿನ ಘಾಟಿಯಲ್ಲಿ ಹದಿನಾಲ್ಕು ವರ್ಷ ಕಲ್ಲಿದ್ದಲು ಎತ್ತಿ ಒಲೆಗೆ ಹಾಕಿದ್ದರು. ಉಗಿ ಎಂಜಿನ್ನುಗಳು ನಿಂತುಹೋದಾಗ ಅವರಿಗೆ ಶೆಡ್ಡಿನಲ್ಲಿ ಕಸ ಗುಡಿಸುವ ಕೆಲಸ ಕೊಟ್ಟರಂತೆ. ಒಂದು ವರ್ಷ ಗುಡಿಸಿ, ಬಿಟ್ಟು, ಟ್ರಂಕು ಹಿಡಿದುಕೊಂಡು ಅಕ್ಕನ ಮನೆಗೆ ಬಂದರು. ಸರಕಾರಿ ಕೆಲಸ ಬಿಟ್ಟು ಬಂದವನೆಂದರೆ ನಮ್ಮ ಕಡೆ ಜೈಲಿನಿಂದ ಬಂದವನಿಗಿಂತ ಕಡೆ. ಆಗಷ್ಟೇ ನಮ್ಮ ಕರಾವಳಿಗೂ ರೈಲು ಬಂದಿತ್ತು. ಊರಿಗೆ ಊರೇ ನೋಡಲು ಹೋದಾಗ ಮಾವನೂ ಹೋದರು. "ಇದಕ್ಕೆ ಕಲ್ಲಿದ್ದಲು ಹಾಕುವವ ಬೇಡ," ಎಂದಷ್ಟೇ ಹೇಳಿ ಬಂದು ಅಟ್ಟ ಹತ್ತಿದರು. ದೊಡ್ಡಮ್ಮ ಕೆಳಗಿನಿಂದ, "ನಿನ್ನನ್ನು ಯಾರು ಕರೆದದ್ದು ಮಾರಾಯ?" ಎಂದಳು. ಅವಳ ಮಾತಿಗೆ ಯಾವಾಗಲೂ ಮೊನೆ ಇರುತ್ತಿತ್ತು, ನಾವು ನಗುತ್ತಿದ್ದೆವು. ನಾನು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ. ಆ ಮನೆಯಲ್ಲಿ ಬಿಟ್ಟಿ ಅನ್ನ ಉಣ್ಣುವವರು ಇಬ್ಬರಿದ್ದರು. ಮಾವನನ್ನು ಹಾಸ್ಯ ಮಾಡುವಷ್ಟು ಹೊತ್ತು ಆ ಇನ್ನೊಬ್ಬಳ ನೆನಪು ಯಾರಿಗೂ ಬರುತ್ತಿರಲಿಲ್ಲ.

ದೊಡ್ಡಪ್ಪ ಒಮ್ಮೆ ಬರುವಾಗ ಷೋಕೇಸಿಗೆಂದು ಒಂದು ಎಂಜಿನ್ನಿನ ಮಾದರಿ ತಂದಿದ್ದರು. ನನ್ನ ಮೊಣಕೈಯಿಂದ ಬೆರಳ ತುದಿಯಷ್ಟು ಉದ್ದ, ಎರಕದ ಲೋಹ, ಒಳ್ಳೆಯ ಭಾರ. ಮೈಯೆಲ್ಲ ಗಿಳಿಹಸಿರು, ಚಕ್ರ ಕೆಂಪು, ಅಂಚಿಗೆ ಬಂಗಾರದ ಗೆರೆ, ಮೂತಿಯ ಮೇಲೆ ಯಾವುದೋ ದೇಶದ ಗಂಟೆ. ಮೂರು ವರ್ಷ ಷೋಕೇಸಿನಲ್ಲಿದ್ದು, ಯಾರದೋ ಮಗು ಬೀಳಿಸಿ ಚಕ್ರದ ಸರಳು ಮುರಿದ ಮೇಲೆ ದೊಡ್ಡಮ್ಮ ಅದನ್ನು ಮಾವನ ಕೈಗೆ ಕೊಟ್ಟಳು. "ತೆಗೆದುಕೋ. ನಿನ್ನ ಹಾಗೆಯೇ, ಎಲ್ಲಿಗೂ ಹೋಗುವುದಿಲ್ಲ," ಎಂದಳು. ಮಾವ ಎರಡೂ ಕೈಯಲ್ಲಿ ತೆಗೆದುಕೊಂಡರು. ಅವರು ಏನನ್ನೇ ಆಗಲಿ ಎರಡು ಕೈ ಚಾಚಿ ತೆಗೆದುಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆ ಮಳೆಗಾಲವೆಲ್ಲ ಅಟ್ಟದ ಮೇಲೆ ಆ ವಿದೇಶಿ ಎಂಜಿನ್ನು ಹುಬ್ಬಳ್ಳಿಯ ಎಂಜಿನ್ನಾಯಿತು. ನಾನು ಶಾಲೆಯಿಂದ ಬಂದವಳೇ ಚೀಲ ಎಸೆದು ಏಣಿ ಹತ್ತುತ್ತಿದ್ದೆ. ಗಂಟೆಯನ್ನು ಗರಗಸದ ಅಲಗಿನಿಂದ ಕೊಯ್ದೆವು. ಪೌಡರ್ ಡಬ್ಬಿಯ ತಗಡು ಕತ್ತರಿಸಿ ಡ್ರೈವರ್ ನಿಲ್ಲುವಲ್ಲಿಗೆ ಸೂರು ಮಾಡಿದೆವು, ಹರಿದ ಕೊಡೆಯ ಬಟ್ಟೆ ಅದರ ಬದಿಯ ಪರದೆಯಾಯಿತು. ನನ್ನ ಹೇರ್‌ಪಿನ್ ಒಂದನ್ನು ತಟ್ಟಿ ಸಲಿಕೆ ಮಾಡಿಕೊಟ್ಟದ್ದು ನಾನು. ಇಸ್ತ್ರಿ ಪೆಟ್ಟಿಗೆಯ ಇದ್ದಿಲನ್ನು ಅಕ್ಕಿಕಾಳಿನಷ್ಟು ಸಣ್ಣಗೆ ಒಡೆದು ಹಿಂದಿನ ತೊಟ್ಟಿಗೆ ತುಂಬಿದ್ದೂ ನಾನೇ. ಬಣ್ಣದ ಕೆಲಸಕ್ಕೆ ಮಾತ್ರ ಮಾವ ಬಹಳ ದಿನ ನನ್ನನ್ನು ಕೈ ಹಾಕಲು ಬಿಡಲಿಲ್ಲ. ಕಪ್ಪು ಪೇಂಟಿನ ಹೊಳಪು ಕೊಲ್ಲಲು ದೀಪದ ಮಸಿ ಹಿಡಿದು ಕಲಸುತ್ತಿದ್ದರು. ಅದು ಒಣಗಿದ ಮೇಲೆ ಶುರುವಾಯಿತು ನಿಜವಾದ ಕೆಲಸ, ಎಂಜಿನ್ನನ್ನು ಕೊಳೆ ಮಾಡುವುದು. ಅಂಗಳದ ಕೆಂಪು ಮಣ್ಣನ್ನು ಮಲ್ ಬಟ್ಟೆಯಲ್ಲಿ ಸೋಸಿ, ಅಂಟಿನ ನೀರಿನಲ್ಲಿ ಕದಡಿ, ಕೀಲುಗಳ ಸುತ್ತ ತುಕ್ಕು ಬರೆದರು. ದೊಡ್ಡಮ್ಮನ ಎಲೆಯಡಿಕೆಯ ಹರಿವಾಣದಿಂದ ಸುಣ್ಣ ಕದ್ದು ತಂದು ಬಾಯ್ಲರಿನ ಪಕ್ಕೆಯಲ್ಲಿ ಬಿಳಿ ಧಾರೆಗಳನ್ನು ಇಳಿಸಿದರು. ಕೆಟ್ಟ ನೀರು ತುಂಬಿಸಿದರೆ ಎಂಜಿನ್ನು ಹಾಗೆ ಬೆವರುತ್ತಿತ್ತಂತೆ. "ಕೊಳೆ ಎಲ್ಲಿ ಬೇಕಾದರೂ ಕೂರುದಿಲ್ಲ, ವಾಣಿ. ಅದಕ್ಕೂ ಒಂದು ಕ್ರಮ ಉಂಟು," ಎನ್ನುತ್ತಿದ್ದರು. ಕೈ ಹಿಡಿದು ಹತ್ತುವ ಸರಳು ಹೊಳೆಯಬೇಕು, ಕಾಲಿಡುವ ಮೆಟ್ಟಿಲು ಸವೆದಿರಬೇಕು, ಒಲೆಯ ಬಾಗಿಲಿನ ಸುತ್ತ ಬೂದು ಇರಬೇಕು. ಒಂದು ಕಲೆಗೆ ಒಂದು ವಾರ ಹಿಡಿಯುತ್ತಿತ್ತು. ಇವೆಲ್ಲ ನೀರಿಗೆ ಕರಗುವ ಬಣ್ಣಗಳು, ಕೊನೆಗೆ ವಾರ್ನಿಷ್ ಹೊಡೆದರೆ ಮಾತ್ರ ನಿಲ್ಲುವುದು, ವಾರ್ನಿಷ್ ಒಣಗಲು ಬಿಸಿಲು ಬೇಕು. ಮಳೆ ಬಿಡುವವರೆಗೆ ಒದ್ದೆ ಕೈಯಲ್ಲಿ ಮುಟ್ಟಬಾರದೆಂದು ನನಗೆ ದಿನಕ್ಕೊಂದು ಸಲ ಹೇಳುತ್ತಿದ್ದರು.

ಇದು ಮುಗಿದ ಮೇಲೆ ಯಾರಿಗೆ ಎಂದು ಕೇಳಿದ್ದೆ. "ನಿನಗೆ, ಮತ್ತೆ ಯಾರಿಗೆ?" ಎಂದಿದ್ದರು. ಅಷ್ಟೇ ಅಲ್ಲ, ಡ್ರೈವರ್ ಕೋಣೆಯ ಒಳಗೋಡೆಯಲ್ಲಿ ಸೂಜಿಮೊನೆಯ ಕುಂಚದಿಂದ ನನ್ನ ಹೆಸರು ಬರೆದಿದ್ದರು. ಬಿಳಿ ಬಣ್ಣ, ಎರಡೇ ಅಕ್ಷರ. ಆ ಮನೆಯಲ್ಲಿ ನನ್ನ ಹೆಸರಿದ್ದ ವಸ್ತು ಬೇರೊಂದು ಇರಲಿಲ್ಲ. ನನ್ನ ಪೆಟ್ಟಿಗೆ, ನನ್ನ ಕೊಡೆ, ನನ್ನ ಚಪ್ಪಲಿ ಕೂಡ ದೊಡ್ಡಮ್ಮನ ಮಗಳದು, ಅವಳಿಗೆ ಸಣ್ಣದಾದದ್ದು. ಕ್ಲಾಸಿನಲ್ಲಿ ನನ್ನಲ್ಲೊಂದು ಎಂಜಿನ್ನು ಇದೆ ಎಂದು ಹೇಳಿಕೊಂಡು ತಿರುಗಿದೆ. ಯಾರೂ ನಂಬಲಿಲ್ಲ, ತಂದು ತೋರಿಸುತ್ತೇನೆ ಎಂದೆ.

ಆಯುಧಪೂಜೆಗೆ ಹದಿನೈದು ದಿನ ಇರುವಾಗ ಒಂದು ಕಾಗದ ಬಂತು. ಮಾವನಿಗೆ ಕಾಗದ ಬಂದದ್ದೇ ಒಂದು ಸುದ್ದಿ. ಬರೆಸಿದವರು ಡ್ರೈವರ್ ಕಲ್ಲಪ್ಪ, ಘಾಟಿಯಲ್ಲಿ ಮಾವ ಯಾರ ಕೈಕೆಳಗೆ ದುಡಿದಿದ್ದರೋ ಅವರು. ಅವರ ಮಗ ಈರಣ್ಣ ಮಣಿಪಾಲದಲ್ಲಿ ಕಟ್ಟಡಗಳ ಸೆಂಟ್ರಿಂಗ್ ಕೆಲಸಕ್ಕೆ ಬಂದು ನೆಲೆಸಿದ್ದ. ಮುದುಕರ ಕಣ್ಣಿನ ನರ ಒಣಗುತ್ತಿದೆಯೆಂದು ಅಲ್ಲಿಯ ಡಾಕ್ಟರಿಗೆ ತೋರಿಸಲು ಕರೆಸಿಕೊಂಡಿದ್ದ. ದೀಪಾವಳಿಯ ದೀಪ ಕಣ್ಣಿಗೆ ಕಾಣಲಿಕ್ಕಿಲ್ಲ ಎಂದಿದ್ದರಂತೆ ಡಾಕ್ಟರು. ವಿಜಯದಶಮಿಯ ಸಂಜೆ ಹುಬ್ಬಳ್ಳಿಗೆ ವಾಪಸು, ಅಷ್ಟರೊಳಗೆ ಒಮ್ಮೆ ಬಂದು ಹೋಗು ಎಂದು ಬರೆಸಿದ್ದರು. ನಮ್ಮ ಗಾಡಿಯನ್ನು ಇನ್ನೊಮ್ಮೆ ಕಣ್ಣಾರೆ ನೋಡಿದ್ದರೆ ಆಮೇಲೆ ಕಣ್ಣು ಹೋದರೂ ಚಿಂತೆಯಿರಲಿಲ್ಲ ಎಂಬ ಮಾತೂ ಅದರಲ್ಲಿತ್ತು. ಮಾವ ಆ ಸಾಲನ್ನು ನನ್ನಿಂದ ಮೂರು ಸಲ ಓದಿಸಿದರು. ಮಾವನ ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಘಾಟಿಯಲ್ಲಿ ಒಮ್ಮೆ ಉಗಿ ಇಳಿಯಿತೆಂದು ಸ್ಪಾನರಿನಲ್ಲಿ ಹೊಡೆದು ಆ ಬೆರಳು ಮುರಿದವರೇ ಈ ಕಲ್ಲಪ್ಪ. ಅದನ್ನೂ ಮಾವ ಅಭಿಮಾನದಿಂದಲೇ ಹೇಳುತ್ತಿದ್ದರು.

ಮರುದಿನ ನಾನು ಅಟ್ಟ ಹತ್ತಿದಾಗ ಮಾವ ಸೀಮೆಎಣ್ಣೆಯ ಬಟ್ಟೆಯಲ್ಲಿ ಒಳಗೋಡೆಯನ್ನು ಒರೆಸುತ್ತಿದ್ದರು. ನನ್ನ ಹೆಸರು ಹೋಗಿತ್ತು. "ಇದನ್ನು ಡ್ರೈವರ್ ಸಾಹೇಬ್ರಿಗೆ ಕೊಡ್ತೇನೆ. ಅವರ ಗಾಡಿಯಲ್ಲಿ ನಿನ್ನ ಹೆಸರಿದ್ದರೆ ಸರಿಯಾಗುದಿಲ್ಲ ಅಲ್ವಾ?" ಎಂದರು. "ನಿನಗೆ ಬೇರೆ ಮಾಡಿಕೊಡುವ."

ಬೇರೆ ಎಲ್ಲಿತ್ತು? ಒಬ್ಬರ ಷೋಕೇಸಿನಲ್ಲಿ ಮುರಿದು ನಮಗೆ ಸಿಕ್ಕಿದ್ದು ಒಂದು ಎಂಜಿನ್ನು. ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಆ ಹದಿನೈದು ದಿನ ನಾನು ಎಂದಿನಂತೆ ಏಣಿ ಹತ್ತಿದೆ, ಸುಣ್ಣ ಕದಡಿಕೊಟ್ಟೆ, ಕುಂಚ ತೊಳೆದೆ. ಮಾವ ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಮತ್ತೆ ನೋಡಲಿಲ್ಲ. ಕೆಲಸ ಮಾಡುತ್ತ ಮೆಲ್ಲಗೆ ಸಿಳ್ಳೆ ಹಾಕುತ್ತಿದ್ದರು. ನನ್ನ ಮುಖ ಒಮ್ಮೆಯಾದರೂ ನೋಡಿದ್ದರೆ ತಿಳಿಯುತ್ತಿತ್ತೋ ಏನೋ, ನೋಡಲಿಲ್ಲ.

ಆಯುಧಪೂಜೆಯ ದಿನ ಬಿಸಿಲು ಬಂತು. ಮಾವ ಬೆಳಿಗ್ಗೆಯೇ ವಾರ್ನಿಷ್ ತರಲು ಪೇಟೆಗೆ ಹೋದರು. ನಮ್ಮಲ್ಲಿ ಆ ದಿನ ಮನೆಯ ಕಬ್ಬಿಣವೆಲ್ಲ ಮೈ ತೊಳೆದುಕೊಂಡು ದೇವರ ಮುಂದೆ ಕೂರಬೇಕು. ಕತ್ತಿ, ಮೆಟ್ಟುಕತ್ತಿ, ಹಾರೆ, ಹೊಲಿಗೆ ಯಂತ್ರ, ಗೇಟಿನ ಬೀಗ, ಒಂದನ್ನೂ ಬಿಡುವಂತಿಲ್ಲ. ನಾನು ಬಾವಿಕಟ್ಟೆಯಲ್ಲಿ ಕುಳಿತು ಹುಣಸೆಹುಳಿ, ಬೂದಿ ಹಚ್ಚಿ ದೀಪಗಳನ್ನು ಉಜ್ಜುತ್ತಿದ್ದೆ. ದೊಡ್ಡಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಟ್ಟದ ಮೇಲೆ ಆ ಮಸಿ ಹಿಡಿದದ್ದೊಂದು ಉಂಟಲ್ಲ, ಅದನ್ನೂ ಉಜ್ಜಿ ತಾ. ದೇವರ ಮುಂದೆ ಅಂಥ ಕೊಳಕು ಇಡ್ಲಿಕ್ಕೆ ಆಗುದಿಲ್ಲ," ಎಂದಳು. ದೊಡ್ಡಮ್ಮ ಕೆಟ್ಟವಳೆಂದು ಬರೆದು ಮುಗಿಸಿದರೆ ನನಗೆ ಸುಲಭ. ಆದರೆ ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ತಮ್ಮ ಐದು ತಿಂಗಳು ಏನು ಮಾಡಿದನೆಂದು ನೋಡಲು ಅವಳು ಒಮ್ಮೆಯೂ ಏಣಿ ಹತ್ತಿರಲಿಲ್ಲ. ಅವಳ ಕಣ್ಣಿಗೆ ಅದು ತೊಳೆಯದೆ ಬಿಟ್ಟ ಸಾಮಾನು ಅಷ್ಟೇ. ಗೊತ್ತಿದ್ದವಳು ನಾನು. ಬೇಡ ದೊಡ್ಡಮ್ಮ, ಅದು ಕೊಳೆಯಲ್ಲ, ಬಣ್ಣ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆಯಿತು ಎಂದೆ.

ನೀರು ಹೊಯ್ದ ಕೂಡಲೇ ಸುಣ್ಣದ ಧಾರೆಗಳು ಹೋದವು. ಆಮೇಲೆ ತುಕ್ಕು ಬಿಟ್ಟುಕೊಂಡು ಕೆಂಪು ನೀರು ಕಲ್ಲಿನ ಮೇಲೆ ಹರಿದು ಬಾಳೆಯ ಬುಡಕ್ಕೆ ಹೋಯಿತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಾನು ಹುಳಿ ಹಚ್ಚಿದೆ, ಬೂದಿ ಹಚ್ಚಿದೆ, ನಾರು ಹಿಡಿದು ಬಲವೆಲ್ಲ ಹಾಕಿ ಉಜ್ಜಿದೆ. ಕಪ್ಪು ಸುಲಿದು ಹಸಿರು ಕಂಡಿತು, ಬಂಗಾರದ ಗೆರೆ ಕಂಡಿತು. ಒಳಗೋಡೆಯಲ್ಲಿ ನನ್ನ ಹೆಸರು ಇದ್ದ ಜಾಗವನ್ನು ಬೆರಳು ತೂರಿಸಿ ಉಜ್ಜಿದೆ. ಇದ್ದಿಲಿನ ಚೂರುಗಳು ಬಾವಿಕಟ್ಟೆಯಲ್ಲೆಲ್ಲ ಚೆಲ್ಲಿದವು. ನನಗೆ ಖುಷಿಯಾಗುತ್ತಿತ್ತು. ಇದನ್ನು ಬಿಟ್ಟು ಬೇರೇನು ಬರೆದರೂ ಸುಳ್ಳು, ಅದಕ್ಕೇ ಬರೆಯುತ್ತಿದ್ದೇನೆ. ಅಷ್ಟು ಖುಷಿ ನನಗೆ ಆ ಮನೆಯಲ್ಲಿ ಬೇರೆ ಯಾವ ಹಬ್ಬಕ್ಕೂ ಆದದ್ದಿಲ್ಲ.

ಮಾವ ಒಳಗೆ ಬರುವಾಗ ಎಂಜಿನ್ನು ಹೊಲಿಗೆ ಯಂತ್ರದ ಪಕ್ಕದಲ್ಲಿ ಕುಂಕುಮ ಇಟ್ಟುಕೊಂಡು, ಸೇವಂತಿಗೆಯ ಮಾಲೆ ಹಾಕಿಕೊಂಡು ಕುಳಿತಿತ್ತು. ಅವರ ಕೈಯಲ್ಲಿ ವಾರ್ನಿಷಿನ ಡಬ್ಬಿ ಇತ್ತು. "ನೋಡು, ಈಗ ಚಂದ ಆಯಿತಲ್ಲ. ಎಂತ ಮುಖ ಮಾಡುದು?" ಎಂದಳು ದೊಡ್ಡಮ್ಮ. ನಾನು ಅಳಲು ಶುರುಮಾಡಿದೆ. ಯಾರಾದರೂ ಏನಾದರೂ ಕೇಳುವ ಮೊದಲೇ ಅತ್ತುಬಿಡಬೇಕೆಂದು ಅತ್ತದ್ದು. ಮಾವ ಹತ್ತಿರ ಬಂದು ನನ್ನ ತಲೆ ಸವರಿ, "ಹೋಗಲಿ ಬಿಡು. ಪೂಜೆಗೆಂದು ಮಾಡಿದೆ, ನಿನಗೆ ಎಂತ ಗೊತ್ತು?" ಎಂದರು. ದೊಡ್ಡಮ್ಮ ಆರತಿ ಎತ್ತಿದಳು. ಮಾವ ಎಲ್ಲರ ಜೊತೆ ನಿಂತು ಕೈಮುಗಿದರು.

ವಿಜಯದಶಮಿಯ ಬೆಳಿಗ್ಗೆ ಅವರು ಸುಣ್ಣ ಕದಡಿ ಮತ್ತೊಮ್ಮೆ ಪ್ರಯತ್ನಿಸಿದರು. ಉಜ್ಜಿ ನುಣುಪಾದ ಮೈಮೇಲೆ ಅದು ನಿಲ್ಲಲಿಲ್ಲ. ಮಧ್ಯಾಹ್ನ ಎಂಜಿನ್ನನ್ನು ಲುಂಗಿಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, "ನೀನೂ ಬಾ ವಾಣಿ. ನೀನೂ ಕೆಲಸ ಮಾಡಿದವಳಲ್ವಾ?" ಎಂದರು. ಉಡುಪಿಯಲ್ಲಿ ಬಸ್ಸು ಬದಲಿಸಿ ಮಣಿಪಾಲಕ್ಕೆ ಹೋದೆವು. ದೊಡ್ಡ ದೊಡ್ಡ ಕಟ್ಟಡಗಳ ಹಿಂದೆ, ಇಳಿಜಾರಿನಲ್ಲಿ ಸಾಲು ಕೋಣೆಗಳು. ಈರಣ್ಣನ ಕೋಣೆಯಲ್ಲಿ ಜೋಳದ ರೊಟ್ಟಿಯ ಹಿಟ್ಟಿನ ವಾಸನೆ, ಗೋಡೆಗೆ ಒರಗಿಸಿಟ್ಟ ಸೆಂಟ್ರಿಂಗ್ ಹಲಗೆಗಳು. ಕಲ್ಲಪ್ಪ ಚಾಪೆಯ ಮೇಲೆ ಕುಳಿತಿದ್ದರು, ದೊಡ್ಡ ಆಳು, ಕೈಗಳು ಇನ್ನೂ ದೊಡ್ಡವು. ಮಾವ ಅವರ ಕಾಲು ಮುಟ್ಟಿ, ಎಂಜಿನ್ನನ್ನು ಬಿಚ್ಚಿ ಕೈಗೆ ಕೊಟ್ಟರು. ಮುದುಕರು ಅದನ್ನು ಬಾಗಿಲ ಬೆಳಕಿಗೆ ಎತ್ತಿ, ಎಡಗಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಬಹಳ ಹೊತ್ತು ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಸುತ್ತ ನೋಡಿದರು.

"ಇದೇನಲೇ ಶೇಖ್ಯಾ, ಮದುವಿ ಗಾಡಿ ತಂದೀಯಲ್ಲ," ಎಂದರು. "ನಮ್ಮ ಗಾಡಿ ಹಿಂಗಿತ್ತೇನು?"

"ಇಲ್ಲ ಸಾಹೇಬ್ರೆ. ಎಲ್ಲ ಸರಿಯಾಗಿಯೇ ಇತ್ತು. ನಿನ್ನೆ ಆಯುಧಪೂಜೆಗೆಂದು ನಾನೇ ತೊಳೆದೆ."

"ನೀನ ತೊಳೆದಿ?"

"ಹೌದು. ನಾನೇ."

ಕಲ್ಲಪ್ಪ ಎಂಜಿನ್ನನ್ನು ನೆಲದ ಮೇಲೆ ಇಟ್ಟು ಪಕ್ಕಕ್ಕೆ ಸರಿಸಿದರು. "ಆವತ್ತೂ ನಿನಗ ಕೆಲಸ ಬರತಿದ್ದಿಲ್ಲ, ಇವತ್ತೂ ಬರೂದಿಲ್ಲ," ಎಂದರು. ಮತ್ತೆ ಮಗನ ಕಡೆ ತಿರುಗಿ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು. ಈರಣ್ಣನ ಹೆಂಡತಿ ಕೊಟ್ಟ ಚಹಾವನ್ನು ಮಾವ ಬಿಸಿಬಿಸಿಯಾಗಿಯೇ ಕುಡಿದು ಮುಗಿಸಿ, ಎಂಜಿನ್ನನ್ನು ಮತ್ತೆ ಲುಂಗಿಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಆಗ ನಾನು ಬಾಯಿ ಬಿಡಬಹುದಿತ್ತು. ಅಜ್ಜ, ಮಾವ ಅಲ್ಲ, ನಾನು ಎಂದರೆ ಮುಗಿಯುತ್ತಿತ್ತು. ಸಣ್ಣ ಹುಡುಗಿಯ ಮೇಲೆ ಆ ಮುದುಕರು ಎಷ್ಟು ಸಿಟ್ಟು ಮಾಡುತ್ತಿದ್ದರು? ನಾನು ಹಲಗೆಗಳಿಗೆ ಹತ್ತಿದ ಸಿಮೆಂಟನ್ನು ಉಗುರಿನಿಂದ ಕೆರೆಯುತ್ತ ಕುಳಿತಿದ್ದೆ.

ವಾಪಸು ಬರುವಾಗ ಮಣಿಪಾಲದ ಬಸ್‌ಸ್ಟಾಪಿನ ಕಟ್ಟೆಯಲ್ಲಿ ಕುಳಿತಿದ್ದೆವು. ಹಬ್ಬದ ದಿನ, ಬಸ್ಸುಗಳೆಲ್ಲ ಬಾಳೆಕಂದು ಕಟ್ಟಿಕೊಂಡು ಹೋಗುತ್ತಿದ್ದವು. ಮಾವ ಅವುಗಳನ್ನು ನೋಡುತ್ತಲೇ ಹೇಳಿದರು. "ನಿನ್ನೆ ನಾನು ಬೇಗ ಬಂದಿದ್ದೆ. ಗೇಟಿನ ಹತ್ತಿರ ನಿಂತು ನೀನು ಉಜ್ಜುವುದನ್ನು ನೋಡಿದೆ. ಪೂಜೆಗೆ ತೊಳೆಯುವವರು ಹಾಗೆ ಉಜ್ಜುದಿಲ್ಲ, ವಾಣಿ." ಸ್ವರದಲ್ಲಿ ಸಿಟ್ಟಿರಲಿಲ್ಲ. ಚೀಲವನ್ನು ನನ್ನ ಮಡಿಲಿಗೆ ಇಟ್ಟರು. "ಇನ್ನು ಇದು ನಿನ್ನದೇ. ನಿನಗೆ ಬೇಕಿತ್ತಲ್ಲ." ಬಸ್ಸು ಬಂತು. ಟಿಕೆಟು ತೆಗೆದವರು ಅವರೇ, ಕಿಟಕಿಯ ಸೀಟು ಬಿಟ್ಟುಕೊಟ್ಟದ್ದೂ ಅವರೇ.

ಎಂಜಿನ್ನು ಮತ್ತೆ ಷೋಕೇಸಿಗೆ ಹೋಯಿತು. ಈಗ ನೋಡುವ ಹಾಗಿದೆ ಎಂದು ದೊಡ್ಡಮ್ಮನೇ ಜಾಗ ಮಾಡಿಕೊಟ್ಟಳು. ಊಟಕ್ಕೆ ಬರುವಾಗ, ಹೋಗುವಾಗ ಮಾವ ಅದರ ಮುಂದೆಯೇ ಹಾದುಹೋಗಬೇಕಿತ್ತು. ನಾನು ಅದನ್ನು ಕ್ಲಾಸಿಗೆ ಒಯ್ದು ತೋರಿಸಲಿಲ್ಲ, ಎಸೆಯುವ ಧೈರ್ಯವೂ ಬರಲಿಲ್ಲ. ಮಾವ ಮಾತು ಬಿಟ್ಟಿದ್ದರೆ, ಎರಡು ಬಾರಿಸಿದ್ದರೆ ನಾನು ಯಾವಾಗಲೋ ಬಚಾವಾಗುತ್ತಿದ್ದೆ. ಅವರು ಏನೂ ಮಾಡಲಿಲ್ಲ. ಜೂನ್ ತಿಂಗಳಲ್ಲಿ ನನ್ನ ಪುಸ್ತಕಗಳಿಗೆ ಬೈಂಡು ಹಾಕಿಕೊಟ್ಟರು, ಮಳೆ ಬಂದರೆ ಕೊಡೆ ಹಿಡಿದು ಬಸ್‌ಸ್ಟಾಪಿಗೆ ಬಂದು ನಿಂತರು. ಅಟ್ಟಕ್ಕೆ ಮಾತ್ರ ಮತ್ತೆ ಕರೆಯಲಿಲ್ಲ, ಯಾವ ಕೆಲಸವನ್ನೂ ಕಲಿಸಲಿಲ್ಲ. ಹೇಳಬೇಕು, ಕಾಲು ಹಿಡಿಯಬೇಕು ಎಂದು ನಾನು ಎಷ್ಟೋ ಸಲ ಏಣಿಯ ಬುಡದವರೆಗೆ ಹೋಗಿದ್ದೇನೆ. ಮೇಲಿನಿಂದ ಕೆಮ್ಮು ಕೇಳಿಸುತ್ತಿತ್ತು, ಹಿಂದೆ ಬರುತ್ತಿದ್ದೆ. ಆ ಕೆಮ್ಮು ವರ್ಷದಿಂದ ವರ್ಷಕ್ಕೆ ಹೆಚ್ಚಾಯಿತು. ನಾನು ಕಾರ್ಕಳದಲ್ಲಿ ಟೀಚರ್ ಟ್ರೈನಿಂಗಿಗೆ ಸೇರಿದ ವರ್ಷ, ಮಳೆ ಶುರುವಾಗುವ ಮೊದಲು, ಅವರು ತೀರಿಕೊಂಡರು. ಸುದ್ದಿ ತಿಳಿದು ಬಸ್ಸಿನಲ್ಲಿ ಬರುವಾಗ, ಇನ್ನು ಹೇಳಬೇಕಾದ್ದಿಲ್ಲ ಎಂಬ ಹಗುರ ಕೂಡ ನನಗಾಯಿತು. ಆ ಹಗುರದ ನಾಚಿಕೆ ಇವತ್ತಿಗೂ ಹೋಗಿಲ್ಲ.

ನಮ್ಮಲ್ಲಿ ಹದಿಮೂರನೆಯ ದಿನ ಸತ್ತವರಿಗೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುವ ಕ್ರಮ. ಅವರು ಬಂದು ಉಣ್ಣುತ್ತಾರೆ ಎಂಬ ನಂಬಿಕೆ. ಚಾವಡಿಯಲ್ಲಿ ನೆಂಟರು ತುಂಬಿದ್ದರು. ದೊಡ್ಡಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, "ಇವಳೆಂದರೆ ಅವನಿಗೆ ಜೀವ. ಈ ಮನೆಯಲ್ಲಿ ಅವನನ್ನು ಮನುಷ್ಯ ಅಂತ ಲೆಕ್ಕಕ್ಕೆ ಹಿಡಿದವಳು ಇವಳೊಬ್ಬಳೇ," ಎಂದು ಎಲ್ಲರ ಮುಂದೆ ನನ್ನ ಬೆನ್ನು ಸವರಿದಳು. ನಾನು ತಲೆ ತಗ್ಗಿಸಿದೆ. ಅದನ್ನೂ ಅವರು ದುಃಖವೆಂದೇ ತಿಳಿದರು. ಬಾಳೆಯ ಎಲೆ ಹಾಕಿ, ನೀರು ಚಿಮುಕಿಸಿ, ಅನ್ನ ಬಡಿಸಿದ ಮೇಲೆ ದೊಡ್ಡಮ್ಮ ಸೌಟು ಹಿಡಿದು ನಿಂತವಳು ನನ್ನ ಕಡೆ ತಿರುಗಿದಳು.

"ಅವನಿಗೆ ಎಂತ ಇಷ್ಟ ಇತ್ತು, ವಾಣಿ?"

ನನಗೆ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ, ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಅಷ್ಟು ವರ್ಷ ಎಲ್ಲರೂ ಉಂಡು ಎದ್ದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಅವರು ಸುಮ್ಮನೆ ಬಡಿಸಿಕೊಂಡು ತಿಂದಿದ್ದರು. ಕೊನೆಗೆ ದೊಡ್ಡಮ್ಮ ತನಗೆ ಇಷ್ಟದ ಅಂಜಲ್ ಮೀನಿನ ತುಂಡು ಇಟ್ಟಳು, ರಜೆಗೆ ಬಂದಿದ್ದ ದೊಡ್ಡಪ್ಪ ಕೋಳಿ ಬಡಿಸಿ ಎಂದರು, ನಾನು ಕಡಲೆಬೇಳೆ ಪಾಯಸ ಹಾಕಿದೆ. ಎಲೆ ತುಂಬಿತು. ಹೀಗೆ ನಮಗೆ ಇಷ್ಟವಾದದ್ದನ್ನೆಲ್ಲ ಅವರಿಗೆ ಬಡಿಸಿ, ಬಾಗಿಲು ಮುಚ್ಚಿ, ಅವರು ಉಂಡು ಮುಗಿಸಲೆಂದು ನಾವು ಹೊರಗೆ ಕಾಯುತ್ತ ನಿಂತೆವು.